ಕೊರಗಿಲ್ಲದೆ ಬದುಕಬೇಕಾ?

ಪರ: ಅಂದಿನ ನಿರ್ಧಾರಕ್ಕೆ ಇಂದಿನ ಬುದ್ಧಿ ಯಾಕೆ?

1980ರ ಫೆಬ್ರವರಿ. ಬಾಂಬೆಯ ವಾಂಖೆಡೆಯಲ್ಲಿ ಇಂಗ್ಲೆಂಡ್ ಜೊತೆ ಒಂದೇ ಒಂದು ಟೆಸ್ಟ್. ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ನಾಯಕ. ನಾವು 242ಕ್ಕೆ ಆಲೌಟ್ ಆಗಿದ್ದೆವು. ಅವರದು 58 ರನ್ನಿಗೆ 5 ವಿಕೆಟ್ ಬಿದ್ದಿತ್ತು. ಆಮೇಲೆ ಕಪಿಲ್ ದೇವ್ ಎಸೆತದಲ್ಲಿ ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತಿದರು. ಸ್ಲಿಪ್‌ನಲ್ಲಿದ್ದ ವಿಶಿಗೆ ಚೆಂಡು ಬ್ಯಾಟಿಗೆ ತಾಗಿಲ್ಲ ಅನ್ನಿಸಿತು. ಹೊರಟಿದ್ದ ಟೇಲರ್ ಅವರನ್ನು ವಾಪಸ್ ಕರೆದರು.

ಟೇಲರ್ 43 ಹೊಡೆದರು, ಬೋಥಮ್ 114. ಇಬ್ಬರೂ ಸೇರಿ 171 ರನ್ ಕೂಡಿಸಿದರು. ನಾವು 10 ವಿಕೆಟ್‌ಗಳಿಂದ ಸೋತೆವು. ವಿಶಿ ಮತ್ತೆಂದೂ ಟೆಸ್ಟ್‌ನಲ್ಲಿ ನಾಯಕರಾಗಲಿಲ್ಲ.

ಫಲಿತಾಂಶ ನೋಡಿದರೆ ಅದು ತಪ್ಪು ಅಂತೀರಿ. ಆದರೆ ಆ ಹೊತ್ತಿನಲ್ಲಿ ಅವರಿಗೆ ಗೊತ್ತಿದ್ದದ್ದು ಒಂದೇ: ಟೇಲರ್ ಔಟಲ್ಲ. ಅದಕ್ಕೆ ತಕ್ಕಂತೆ ನಡೆದರು. ಅದರಲ್ಲಿ ಕೊರಗುವುದಕ್ಕೆ ಏನಿದೆ?

ನಾವು ಮಾಡುವುದು ಇದರ ಉಲ್ಟಾ. 'ಆವತ್ತೇ ಜೆ.ಪಿ. ನಗರದಲ್ಲಿ ಒಂದು ಸೈಟ್ ತಗೊಂಡಿದ್ರೆ' ಅನ್ನುವ ಮಾತು ಬೆಂಗಳೂರಿನ ಎಷ್ಟು ಮನೆಗಳಲ್ಲಿಲ್ಲ! ಆವತ್ತು ಕೈಯಲ್ಲಿ ದುಡ್ಡಿರಲಿಲ್ಲ, ತಂಗಿಯ ಮದುವೆ ಇತ್ತು. ಅದೆಲ್ಲ ಮರೆತು, ಇವತ್ತಿನ ರೇಟು ಹಿಡಿದುಕೊಂಡು ಆವತ್ತಿನ ನಮ್ಮನ್ನು ಬೈಯುತ್ತೇವೆ. ಇದು ಅನ್ಯಾಯ ಅಲ್ವಾ?

ಅಮೆರಿಕದ ಮನಃಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1995ರಲ್ಲೇ ಒಂದು ಮಾತು ಹೇಳಿದ್ದಾರೆ. ಸದ್ಯಕ್ಕೆ ಚುಚ್ಚುವುದು ಮಾಡಿದ ಕೆಲಸ, ಬಹಳ ಕಾಲ ಕಾಡುವುದು ಮಾಡದೆ ಬಿಟ್ಟ ಕೆಲಸ. ನನ್ನ ಚಿಕ್ಕಮ್ಮನನ್ನು ನೋಡಿದರೆ ಇದು ನಿಜ ಅನ್ನಿಸುತ್ತದೆ. 55ನೇ ವಯಸ್ಸಿಗೆ ಸ್ಕೂಟರ್ ಕಲಿತರು. ಬಿದ್ದು ಮೊಣಕಾಲು ತರಚಿಕೊಂಡರು. ಆ ಗಾಯ ಹದಿನೈದು ದಿನಕ್ಕೆ ಮಾಯಿತು. ಕಲಿಯದೆ ಕಳೆದ ಮೂವತ್ತು ವರ್ಷದ ಮಾತನ್ನು ಈಗಲೂ ಆಡುತ್ತಾರೆ. ಅದಕ್ಕೇ ಹೇಳುತ್ತೇನೆ, ಮನಸ್ಸಿಗೆ ಸರಿ ಕಂಡದ್ದನ್ನು ಮಾಡಿಬಿಡಿ. ಆಮೇಲೆ ಏನಾದರೂ ಆಗಲಿ, ಕೊರಗಬೇಡಿ.

ವಿರೋಧ: ನನ್ನ ಕೊರಗು ನನಗೆ ಬೇಕು

ವಿಶಿ ಸರಿಯಾದದ್ದನ್ನೇ ಮಾಡಿದ್ದರು. ಅವರು ಕೊರಗಬೇಕಿಲ್ಲ, ಒಪ್ಪಿದೆ. ತಪ್ಪು ಅಂತ ಗೊತ್ತಿದ್ದೂ ಮಾಡಿದವರ ಕತೆ ಏನು?

ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಭಾಗ ಆಯಿತು. ಬಾವಿ ಇರುವ ತುಂಡು ನನಗೇ ಬೇಕು ಅಂತ ಹಠ ಹಿಡಿದೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವನು. ಆ ಬಾವಿಯ ನೀರು ಹಾಯಿಸಿ ತೋಟ ಎಬ್ಬಿಸಿದವನು ಅಣ್ಣ. ಜಗಲಿ ಮೇಲೆ ಹಿರೀಕರೆಲ್ಲ ಕೂತಿದ್ದರು. ಅಣ್ಣ ಒಂದು ಮಾತೂ ಎತ್ತಲಿಲ್ಲ. ಸಹಿ ಹಾಕಿದ. ಪೆನ್ನಿನ ಮುಚ್ಚಳ ಹಾಕಿ ನನ್ನ ಕೈಗೇ ಕೊಟ್ಟ. "ಮಳೆ ಬಂದಾಗ ಸ್ಟಾರ್ಟರ್ ಶಾಕ್ ಹೊಡೀತದೆ, ಹುಷಾರು" ಅಂದು ಎದ್ದು ಹೋದ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಅಂತಾರಲ್ಲ, ಅದನ್ನೇ ಹೇಳಿಕೊಂಡು ಆರು ವರ್ಷ ಕಳೆದೆ. ಅಷ್ಟರಲ್ಲಿ ಅಣ್ಣ ಕೊರೆಸಿದ ಎರಡು ಬೋರ್‌ವೆಲ್ಲೂ ಫೇಲ್ ಆದವು. ತೆಂಗಿನ ಸುಳಿ ಒಣಗತೊಡಗಿತು.

ಆಗ ಅಶೋಕನ ಶಾಸನಗಳ ಬಗ್ಗೆ ಓದುತ್ತಿದ್ದೆ. ಕಳಿಂಗ ಗೆದ್ದ ಮೇಲೆ ಅವನು ಬರೆಸಿದ 13ನೇ ಬಂಡೆಗಲ್ಲು ಶಾಸನದಲ್ಲಿ ಲೆಕ್ಕವೇ ಇದೆ. ಕೊಂದದ್ದು 1 ಲಕ್ಷ, ಊರು ಬಿಡಿಸಿ ಸಾಗಿಸಿದ್ದು 1.5 ಲಕ್ಷ ಜನರನ್ನು. ಇದಕ್ಕಾಗಿ ನೋಯುತ್ತಿದ್ದೇನೆ ಅನ್ನುತ್ತಾನೆ. ಗೆದ್ದ ರಾಜ ತನ್ನ ತಪ್ಪನ್ನು ಕಲ್ಲಿನ ಮೇಲೆ ಬರೆಸುವುದು ಸಣ್ಣ ಮಾತಲ್ಲ. ಕೊರಗು ಇಲ್ಲದಿದ್ದರೆ ಅವನು ಇನ್ನೊಂದು ದಂಡಯಾತ್ರೆಗೆ ಹೊರಡುತ್ತಿದ್ದ ಅಷ್ಟೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದಲ್ಲಿ ಆ ಶಾಸನ ಇಲ್ಲ. ಅಲ್ಲಿಗೆಂದೇ ಬರೆಸಿದ ಬೇರೆ ಶಾಸನದಲ್ಲಿ ಎಲ್ಲ ಮನುಷ್ಯರೂ ನನ್ನ ಮಕ್ಕಳು ಅಂತಿದೆ. ಒಳ್ಳೆಯ ಮಾತೇ. ಆದರೆ ನೊಂದವರ ಮುಂದೆ ಮಾತ್ರ ಆ ಲೆಕ್ಕ ಬರಲಿಲ್ಲ.

ನಾನೂ ಹಾಗೇ ಮಾಡಿದ್ದೆ. 'ಅಣ್ಣನಿಗೆ ಮೋಸ ಮಾಡಿಬಿಟ್ಟೆ' ಅಂತ ಹೆಂಡತಿಗೆ ಹೇಳಿದ್ದೆ, ಸ್ನೇಹಿತರಿಗೆ ಹೇಳಿದ್ದೆ. ಅಣ್ಣನಿಗೆ ಹೇಳಿರಲಿಲ್ಲ.

ಆ ಶನಿವಾರವೇ ಊರಿಗೆ ಹೋದೆ. ಅಣ್ಣ ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ. ಹೇಳಬೇಕಾದ್ದು ಹೇಳಿದೆ, ಗಂಟಲು ಕಟ್ಟಿತು. ಅವನು ಹುಲ್ಲು ಹಾಕಿ ಮುಗಿಸಿ, ಕೈ ಒರೆಸಿಕೊಂಡು, "ನೀರು ಯಾವತ್ತಿಂದ ಬಿಡ್ತೀಯ?" ಅಂದ. ಅಷ್ಟೇ ಕೇಳಿದ್ದು.

ಈಗ ವಾರದಲ್ಲಿ ನಾಲ್ಕು ದಿನ ಬಾವಿಯ ನೀರು ಅವನ ತೋಟಕ್ಕೆ. ಒಣಗಿದ ಹನ್ನೊಂದು ತೆಂಗಿನ ಮರ ಮಾತ್ರ ಚಿಗುರಲಿಲ್ಲ, ಹಾಗೇ ನಿಂತಿವೆ. ಕಡಿಸೋಣ ಅಂತ ಅತ್ತಿಗೆ ಹೋದ ವರ್ಷ ಅಂದರು. ಇನ್ನೂ ಸ್ವಲ್ಪ ದಿನ ಇರಲಿ ಅತ್ತಿಗೆ ಅಂದೆ.