ಲಾಭ, ಎರಡು, ಮೂರು

ಇಳಕಲ್ಲಿನ ಒಂದು ಮದುವೆಗೆ ನಾನು ಹೆಣ್ಣಿನ ಕಡೆಯ ಫೋಟೋಗ್ರಾಫರ್. ಗಂಡಿನ ಕಡೆಯವರು ಕರೆತಂದಿದ್ದವನು ಹುನಗುಂದದ ಕಡೆಯ ಹುಡುಗ, ವಯಸ್ಸು ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಅಕ್ಷತೆ ಬಿದ್ದು, ಎರಡನೆಯ ಪಂಕ್ತಿಯವರು ಕೈ ತೊಳೆಯಲು ಎದ್ದ ಹೊತ್ತಿಗೆ ಇಬ್ಬರಿಗೂ ಸ್ವಲ್ಪ ಬಿಡುವು ಸಿಕ್ಕಿತು. ಒಂದೇ ಬೆಂಚಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಅವನು ನನ್ನ ಕ್ಯಾಮೆರಾದ ಪರದೆಯಲ್ಲಿ ಇಣುಕಿದ, ತನ್ನದನ್ನು ನೋಡಿಕೊಂಡ, ಮತ್ತೆ ನನ್ನದನ್ನು ನೋಡಿದ.

"ಕಾಕಾ, ನಿಮ್ಮ ಫೋಟೋದಲ್ಲಿ ಸೆರಗಿನಲ್ಲಿ ನೇಯ್ದ ತೆನಿ ಒಂದೊಂದಾಗಿ ಎಣಿಸಬಹುದು. ನನ್ನದರಲ್ಲಿ ಬರೀ ಕೆಂಪು ಚೆಲ್ಲಿದ ಹಾಗೆ ಬಂದಿದೆ. ಹೇಗೆ ತೆಗೆದಿರಿ?"

"ಕ್ಯಾಮೆರಾ ಚೆನ್ನಾಗಿದೆಯಪ್ಪ, ಅಷ್ಟೇ" ಎಂದೆ.

ಶುದ್ಧ ಸುಳ್ಳು. ಅವನ ಕ್ಯಾಮೆರಾ ನನ್ನದಕ್ಕಿಂತ ಹೊಸದು. ಸಾಲದ ಕಂತು ಇನ್ನೂ ತೀರಿರಲಿಕ್ಕಿಲ್ಲ. ಅವನಿಗೂ ಅದು ತಿಳಿದಿರಬೇಕು. "ಹೌದು ಕಾಕಾ" ಎಂದು ಲೋಟ ಕೆಳಗಿಟ್ಟು, ತನ್ನ ಕಾರ್ಡೊಂದನ್ನು ನನ್ನ ಕೈಯಲ್ಲಿಟ್ಟು ಎದ್ದು ಹೋದ. ಆ ‘ಹೌದು’ ಬಾಗಲಕೋಟೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಹಿಡಿದು ಕುಳಿತಿತು. ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡರೂ ಏಳಲಿಲ್ಲ. ಕರದಂಟಿಗೆ ಏನೇನು ಬೀಳುತ್ತದೆ ಎಂಬುದನ್ನು ಆ ಊರಿನಲ್ಲಿ ಯಾರು ಬೇಕಾದರೂ ಹೇಳುತ್ತಾರೆ: ಅಂಟು, ಒಣಕೊಬ್ಬರಿ, ಬೆಲ್ಲ, ತುಪ್ಪ, ಗೋಡಂಬಿ, ಉತ್ತತ್ತಿ. ಮನೆಯಲ್ಲಿ ಮಾಡಲು ಹೋದವರ ಹಲ್ಲು ಮಾತ್ರ ಹೋಗುತ್ತದೆ.

ನನಗೇಕೆ ಸುಳ್ಳು ಬಾಯಿಗೆ ಬಂತು? ಕಾರಣ ಹುಡುಕುತ್ತ ಹೋದರೆ ಸೋದರಮಾವನ ಡಾರ್ಕ್‌ರೂಮಿನಲ್ಲಿ ಹೋಗಿ ನಿಲ್ಲುತ್ತೇನೆ.

ಹಳೆಯ ಬಾಗಲಕೋಟೆಯಲ್ಲಿ ಮಾವನ ಸ್ಟುಡಿಯೋ ಇತ್ತು. ಎಂಟನೆಯ ತರಗತಿಯ ರಜೆಯಿಂದಲೇ ನಾನು ಅಲ್ಲಿ ಮೂಡಿದ ಚಿತ್ರ ಅಳಿಯದಂತೆ ಉಳಿಸುವ ಹೈಪೋ ಕಲಸುವವನು, ತಟ್ಟೆ ತೊಳೆಯುವವನು, ಒಣಗಿದ ಪ್ರಿಂಟುಗಳ ಅಂಚು ಕತ್ತರಿಸುವವನು. ಕೆಂಪು ದೀಪದ ಮಬ್ಬಿನಲ್ಲಿ ಮಾವ ಕಾಗದವನ್ನು ಚಿತ್ರ ಮೂಡಿಸುವ ಡೆವಲಪರ್ ದ್ರವದ ತಟ್ಟೆಗೆ ಇಳಿಬಿಡುತ್ತಿದ್ದಂತೆ ನನಗೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ಜೋಳದ ವ್ಯಾಪಾರದ ಮನೆತನ. ಎಣಿಕೆ ಒಂದರಿಂದ ಶುರುವಾಗುತ್ತಿರಲಿಲ್ಲ. "ಲಾಭ, ಎರಡು, ಮೂರು..." ಅಲ್ಲಿಯವರೆಗೆ ಕೇಳಿಸುತ್ತಿತ್ತು, ಆಮೇಲೆ ಎಲ್ಲ ಗಂಟಲೊಳಗೇ. ಕಾಗದವನ್ನು ಯಾವ ಎಣಿಕೆಗೆ ಎತ್ತುತ್ತಾರೆ ಎಂಬುದೇ ಸ್ಟುಡಿಯೋದ ಗುಟ್ಟು ಎಂದು ನಾನು ನಂಬಿದ್ದೆ. ಹಿಂದೆ ನಿಂತು ನಾನೂ ಮನಸ್ಸಿನಲ್ಲೇ ಎಣಿಸಿ, ಗಣಿತದ ನೋಟುಬುಕ್ಕಿನ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೆ. ಮೇ ತಿಂಗಳಲ್ಲಿ 48. ಡಿಸೆಂಬರಿನಲ್ಲಿ 110. ಮಳೆಗಾಲದ ಒಂದೇ ದಿನದಲ್ಲಿ ಬೆಳಿಗ್ಗೆ 90, ಸಂಜೆ 75. ಮಾವ ನನಗೆ ಗೊತ್ತಾಗಬಾರದೆಂದೇ ತಪ್ಪು ಎಣಿಸುತ್ತಾರೆ ಎಂದು ಎಷ್ಟೋ ದಿನ ಸಿಟ್ಟಾಗಿದ್ದೆ.

ಸೆಖೆಯಲ್ಲಿ ಡೆವಲಪರ್ ಚುರುಕಾಗುತ್ತದೆ, ಚಳಿಯಲ್ಲಿ ಜಡವಾಗುತ್ತದೆ ಎಂಬುದು ತಿಳಿಯಲು ನನಗೆ ವರ್ಷಗಳೇ ಹಿಡಿದವು. ಅಂದರೆ ಮಾವ ಬಚ್ಚಿಟ್ಟ ಸಂಖ್ಯೆ ಎಂಬುದೇ ಇರಲಿಲ್ಲ. ಅವರು ನೋಡುತ್ತಿದ್ದುದು ತಟ್ಟೆಯೊಳಗಿನ ಮುಖವನ್ನು. ಯಾರದೋ ಅಜ್ಜಿಯ ಹುಬ್ಬು ಮೂಡುತ್ತದೆ, ಮೂಗು ಮೂಡುತ್ತದೆ, ಮೂಗಿನ ಮೇಲೆ ಕಾಗದದ ಬಿಳಿಯಾಗಿಯೇ ಉಳಿದ ಮೂಗುತಿಯ ಚುಕ್ಕೆ. ಆ ಚುಕ್ಕೆ ಮಾಸುವ ಮೊದಲು ಕಾಗದ ಹೊರಗೆ. ಎಣಿಕೆ ಕೈಗೆ ಅಂಟಿದ ಚಾಳಿ ಮಾತ್ರ.

ಹಾಗಾದರೆ ಬೆನ್ನೇಕೆ ತಿರುಗಿಸುತ್ತಿದ್ದರು? ಅದಕ್ಕೂ ಕಾರಣವಿತ್ತು. ನನಗಿಂತ ಮೊದಲು ಕೆಲಸಕ್ಕಿದ್ದ ಇಬ್ಬರಲ್ಲಿ ಒಬ್ಬ, ಕಲಿತ ಮೇಲೆ ಅದೇ ಓಣಿಯಲ್ಲಿ, ಎದುರಿಗೇ ಅಂಗಡಿ ತೆರೆದು ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಎಂಟಾಣೆ ಕಡಿಮೆ ಮಾಡಿದ್ದ. ಮೂರು ಮಕ್ಕಳ ತಂದೆಗೆ ಎಂಟಾಣೆ ಸಣ್ಣ ಮಾತಲ್ಲ. ಕಲೆಯನ್ನು ಹಂಚಿಕೊಳ್ಳಬೇಕು ಎಂದು ವೇದಿಕೆಯ ಮೇಲೆ ಹೇಳುವವರಲ್ಲಿ ಹೆಚ್ಚಿನವರಿಗೆ ತಿಂಗಳ ಸಂಬಳ ಬೇರೆ ಕಡೆಯಿಂದ ಬರುತ್ತಿರುತ್ತದೆ ಎಂಬುದು ನನ್ನ ಅನುಮಾನ.

ನಮ್ಮ ಜಿಲ್ಲೆಯ ಕಸುಬುದಾರರಿಗೆ ಈ ಗುಣ ಹೊಸದೂ ಅಲ್ಲ. ಐಹೊಳೆಯ ಶಾಸನವೊಂದರಲ್ಲಿ ನರಸೊಬ್ಬನೆಂಬ ಶಿಲ್ಪಿಯ ಹೊಗಳಿಕೆ ಇದೆ. ಮನೆ, ಗುಡಿ ಕಟ್ಟುವುದರಲ್ಲಿ ಅವನಿಗೆ ಸಮನಾದವನು ಇಡೀ ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆಯೂ ಇರುವುದಿಲ್ಲವಂತೆ. ಜಾಹೀರಾತು ಎಂದರೆ ಹೀಗಿರಬೇಕು. ಹೇಗೆ ಕಟ್ಟಿದ ಎಂಬುದರ ಬಗ್ಗೆ ಆ ಕಲ್ಲಿನಲ್ಲಿ ಒಂದು ಅಕ್ಷರವೂ ಇಲ್ಲ. ಅದೇ ಐಹೊಳೆಗೆ, ಬಾದಾಮಿಗೆ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೈನ್ಯಾಧಿಕಾರಿ ಕ್ಯಾಮೆರಾ ಹೊತ್ತುಕೊಂಡು ಬಂದ. ಸರ್ಕಾರದ ಪರವಾಗಿ ಹಳೆಯ ಕಟ್ಟಡಗಳ ಫೋಟೋ ತೆಗೆಯುವ ಕೆಲಸ. ಅವನ ನೆಗೆಟಿವ್‌ಗಳು ಗಾಜಿನವಲ್ಲ, ಕಾಗದದವು.

ಆ ಕಾಗದದ ವಿಧಾನ ಇಂಗ್ಲೆಂಡಿನ ಟಾಲ್ಬಟ್ಟನದು. 1841ರಲ್ಲಿ ಅದಕ್ಕೆ ಪೇಟೆಂಟ್ ಮಾಡಿಸಿದ. ಅಲ್ಲಿ ಆ ವಿಧಾನದಿಂದ ಫೋಟೋ ತೆಗೆದು ದುಡಿಯುವವರು ಅವನಿಗೆ ದುಡ್ಡು ಕಟ್ಟಬೇಕಿತ್ತು. ಅದಕ್ಕೂ ಎರಡು ವರ್ಷ ಮೊದಲು, 1839ರ ಆಗಸ್ಟ್ 19ರಂದು, ಫ್ರಾನ್ಸಿನ ಸರ್ಕಾರ ಡಾಗೇರ್ ಎಂಬವನಿಗೆ ಪಿಂಚಣಿ ಗೊತ್ತುಮಾಡಿ ಫೋಟೋ ತೆಗೆಯುವ ಅವನ ವಿಧಾನವನ್ನು ಜಗತ್ತಿಗೇ ಬಿಟ್ಟುಕೊಟ್ಟಿತ್ತು. ಎಂಥ ಉದಾರ ಮನಸ್ಸು ಎನ್ನುವಷ್ಟರಲ್ಲಿ ತಿಳಿಯುತ್ತದೆ: ಅದಕ್ಕೆ ಐದೇ ದಿನ ಮೊದಲು ಡಾಗೇರನ ಪರವಾಗಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಆಗಿತ್ತು. ಜಗತ್ತಿಗೆಲ್ಲ ಊಟ, ಪಕ್ಕದ ಮನೆಯವರನ್ನು ಬಿಟ್ಟು.

ನನಗೆ ಹೊಟ್ಟೆಯಲ್ಲಿ ಸಂಕಟವಾಗುವುದು ಆರ್ಚರ್‌ನ ಕತೆ ನೆನೆದಾಗ. ಫ್ರೆಡರಿಕ್ ಸ್ಕಾಟ್ ಆರ್ಚರ್, ಮೂಲತಃ ಶಿಲ್ಪಿ. ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವ ಹಚ್ಚಿ ಚಿತ್ರ ತೆಗೆಯುವ ವಿಧಾನವನ್ನು 1851ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು ಎಲ್ಲರಿಗೂ ತಿಳಿಸಿಬಿಟ್ಟ. ಪೇಟೆಂಟ್ ಇಲ್ಲ, ಶುಲ್ಕವಿಲ್ಲ. ಇದೂ ನನ್ನ ಪೇಟೆಂಟಿಗೇ ಸೇರಿದ್ದು ಎಂದು ಟಾಲ್ಬಟ್ 1854ರಲ್ಲಿ ಲಂಡನ್ನಿನ ಒಬ್ಬ ಸ್ಟುಡಿಯೋದವನ ಮೇಲೆ ದಾವೆ ಹೂಡಿದ, ಪಂಚರು ಒಪ್ಪಲಿಲ್ಲ. ಆಮೇಲೆ ಸುಮಾರು ಮೂವತ್ತು ವರ್ಷ ಇಡೀ ಜಗತ್ತು ಆರ್ಚರ್‌ನ ವಿಧಾನದಲ್ಲೇ ಫೋಟೋ ತೆಗೆಸಿಕೊಂಡಿತು. ಅವನು ಮಾತ್ರ 1857ರಲ್ಲಿ ಬಡತನದಲ್ಲೇ ಸತ್ತ.

ಈ ಕತೆಯನ್ನು ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸದೆ, "ಅವನಿಗೆ ಹೆಂಡತಿ ಮಕ್ಕಳಿದ್ದರೇ?" ಎಂದು ಕೇಳಿದಳು.

ಇದ್ದರು. ಅವರಿಗಾಗಿ ಗೆಳೆಯರು ಚಂದಾ ಎತ್ತಿದರು.

"ಹಾಗಾದರೆ ಸರಿ ಬಿಡಿ" ಎಂದಳು. ಏನು ಸರಿ ಎಂದು ನಾನು ಕೇಳಲಿಲ್ಲ.

ಮಾವ ಗುಟ್ಟು ಬಿಟ್ಟುಕೊಟ್ಟದ್ದು ಹೊಳೆಯ ದೆಸೆಯಿಂದ. ಆಲಮಟ್ಟಿಯ ಹಿನ್ನೀರು ಊರೊಳಗೆ ಬರುವುದು ಖಚಿತವಾದ ಮೇಲೆ, ನವನಗರಕ್ಕೆ ಹೊರಟವರೆಲ್ಲ ತಮ್ಮ ಮನೆಯ ಹೊಸ್ತಿಲ ಮೇಲೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂದರು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಂದು ಸಂಜೆ ಮಾವ ನನ್ನನ್ನು ಕೂರಿಸಿಕೊಂಡು, ಬಾಗಿಲಲ್ಲಿ ನಿಂತವರ ಬೆನ್ನ ಹಿಂದೆ ಕತ್ತಲೆ ಇರುತ್ತದೆ, ಮುಂದೆ ಬಿಸಿಲಿರುತ್ತದೆ, ಕತ್ತಲೆಯನ್ನು ಅಳೆಯಬೇಡ, ಮುಖದ ಹತ್ತಿರ ಹೋಗಿ ಮುಖವನ್ನು ಅಳೆ ಎಂದರು. ಇನ್ನೂ ಹತ್ತಾರು ಮಾತು. ಅರ್ಧ ಗಂಟೆಯಲ್ಲಿ ಮುಗಿಯಿತು. ಇಷ್ಟೇನಾ ಎಂದು ನನಗೆ ಒಳಗೊಳಗೇ ನಿರಾಸೆಯಾಯಿತು.

ಇಳಕಲ್ಲಿನಿಂದ ಬಂದ ನಾಲ್ಕನೆಯ ದಿನ ಆ ಹುಡುಗನ ಕಾರ್ಡು ಹುಡುಕಿ ಫೋನ್ ಮಾಡಿದೆ. ನನಗೂ ಅರ್ಧ ಗಂಟೆಯೇ ಹಿಡಿಯಿತು.

"ಟೋಪ ತೆನಿ ಸೆರಗಿನಲ್ಲಿ ಕೆಂಪಿನ ನಡುವೆ ಬಿಳಿ ಇರುತ್ತದೆ, ತಮ್ಮ. ರೇಷ್ಮೆಯ ಆ ಕೆಂಪು ಕ್ಯಾಮೆರಾಕ್ಕೆ ಅಜೀರ್ಣ. ಒಟ್ಟು ಬೆಳಕು ಸರಿಯಾಗಿದೆ ಎಂದು ಮೀಟರ್ ಹೇಳುತ್ತಿರುತ್ತದೆ, ಒಳಗೆ ಕೆಂಪೊಂದೇ ತುಂಬಿ ಹೊರಚೆಲ್ಲಿರುತ್ತದೆ. ಒಮ್ಮೆ ಚೆಲ್ಲಿದರೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ತೆನಿ ವಾಪಸು ಬರುವುದಿಲ್ಲ. ಆದ್ದರಿಂದ ಕೆಂಪಿನ ಗ್ರಾಫನ್ನು ಬೇರೆಯಾಗಿ ನೋಡು. ಬೆಳಕು ಒಂದು ಸ್ಟಾಪ್ ಕಡಿಮೆ ಇಡು, ಅಂದರೆ ಅರ್ಧಕ್ಕೆ ಇಳಿಸು. ಫ್ಲ್ಯಾಷ್ ಮುಚ್ಚು, ರೇಷ್ಮೆಗೆ ಅದು ಕನ್ನಡಿ ಹಿಡಿದ ಹಾಗೆ. ಮದುಮಗಳನ್ನು ಉತ್ತರದ ಬಾಗಿಲಿಗೆ ಕರೆದುಕೊಂಡು ಹೋಗು, ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನಿಲ್ಲಿಸು, ಬಿಸಿಲು ನೇರ ಬೀಳಬಾರದು. ನೆರಳಿನ ಕಡೆಯಿಂದ ಒಂದು ಥರ್ಮಾಕೋಲ್ ಹಾಳೆ ಹಿಡಿಸು."

ಇದನ್ನು ನಾನು ಕಲಿತದ್ದು ಒಂದು ಇಡೀ ಆಲ್ಬಮ್ ಕೆಡಿಸಿ. ಮದುಮಗಳ ತಾಯಿ ಪುಟ ತಿರುವಿ, "ಇದು ಸೀರೆಯೋ, ಕುಂಕುಮದ ಬಟ್ಟಲೋ?" ಎಂದು ಕೇಳಿದ್ದರು. ಆ ಸೆರಗು ನೇಯ್ದದ್ದು ಅವರ ಮನೆಯ ಮಗ್ಗದಲ್ಲೇ. ಅದನ್ನೂ ಹುಡುಗನಿಗೆ ಹೇಳಿದೆ. ಅವನು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಪೆನ್ನಿನ ಸದ್ದು ಫೋನಿನಲ್ಲಿ ಕೇಳಿಸುತ್ತಿತ್ತು. ಕೊನೆಗೆ, "ಇಷ್ಟೇನಾ ಕಾಕಾ?" ಎಂದ. ನನ್ನ ಗಿರಾಕಿಗಳ ನಂಬರುಗಳನ್ನಂತೂ ಕೊಡುವುದಿಲ್ಲ ಎಂದೆ. ನಕ್ಕ.

ಕಳೆದ ತಿಂಗಳು ಗುಳೇದಗುಡ್ಡದ ಮದುವೆಯಲ್ಲಿ ಮತ್ತೆ ಎದುರಾದೆವು. ಈ ಸಲ ಅವನು ಹೆಣ್ಣಿನ ಕಡೆ, ನಾನು ಗಂಡಿನ ಕಡೆ. ದೊಡ್ಡ ಹಳೆಯ ಮನೆ, ಉತ್ತರಕ್ಕೆ ಒಂದೇ ಬಾಗಿಲು. ನಾನು ಬ್ಯಾಗು ಬಿಚ್ಚಿ, ಲೆನ್ಸ್ ಒರೆಸಿಕೊಂಡು ಅಲ್ಲಿಗೆ ಹೋಗುವಷ್ಟರಲ್ಲಿ ಮದುಮಗಳು ಹೊಸ್ತಿಲಿನಿಂದ ಒಂದು ಹೆಜ್ಜೆ ಒಳಗೆ ನಿಂತಾಗಿತ್ತು. ಅವನು ಮಂಡಿಯೂರಿ ಕುಳಿತಿದ್ದ, ಥರ್ಮಾಕೋಲ್ ಹಾಳೆ ಗೋಡೆಗೆ ಒರಗಿತ್ತು, ಹಿಡಿಯುವವರು ಯಾರೂ ಇರಲಿಲ್ಲ. ಅವನು ಮುಗಿಸುವವರೆಗೆ ನನಗೆ ಬಾಗಿಲು ಸಿಗುವ ಹಾಗಿರಲಿಲ್ಲ. ಹೋಗಿ ಎತ್ತಿ ಹಿಡಿದೆ.

"ಸ್ವಲ್ಪ ಮೇಲೆ, ಕಾಕಾ" ಎಂದ, ಕ್ಯಾಮೆರಾದಿಂದ ಕಣ್ಣು ತೆಗೆಯದೆ. "ಇನ್ನೂ ಸ್ವಲ್ಪ."