ರಾತ್ರಿ ಹನ್ನೊಂದರ ಟ್ರಾಮು

ಕಳೆದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. "ಅಕ್ಕಾ, ಗ್ರೆನೋಬ್ಲ್‌ನಲ್ಲಿ ಸೀಟು ಸಿಕ್ಕಿದೆ. ಆದ್ರೆ ಅಪ್ಪ, ಹೋಗೋದಾದ್ರೆ ಪ್ಯಾರಿಸ್‌ಗೆ ಹೋಗು, ಅಲ್ಲಿ ಗೊತ್ತಿರೋರಿದಾರೆ, ಗೊತ್ತಿಲ್ಲದ ಊರಲ್ಲಿ ಹೆಣ್ಣುಹುಡುಗಿ ಒಬ್ಬಳೇ ಹೇಗೆ ಓಡಾಡ್ತೀಯ ಅಂತಿದಾರೆ." ಫೋನಿನಲ್ಲಿ ಅವಳಿಗೆ ಹೇಳಿದ್ದು ಅರ್ಧ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳನ್ನು ಹೊರಗೆ ಕಳಿಸುವ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರೂ ಓದಲಿ.

ನಾನು ಗ್ರೆನೋಬ್ಲ್‌ನಲ್ಲಿ ಎರಡು ವರ್ಷ ಓದಿದ್ದೇನೆ. ಫ್ರಾನ್ಸಿನಲ್ಲಿ, ಆಲ್ಪ್ಸ್ ಪರ್ವತದ ಬುಡದ ಊರು. ಶಾರ್ತ್ರೂಜ್, ವೆರ್ಕೋರ್, ಬೆಲ್ದೋನ್ ಎಂಬ ಮೂರು ಬೆಟ್ಟಸಾಲುಗಳು ಸುತ್ತ ನಿಂತಿವೆ. ಪೇಟೆಬೀದಿಯಲ್ಲಿ ತಲೆಯೆತ್ತಿದರೆ ಕೊನೆಗೊಂದು ಬೆಟ್ಟ. ಊರು ಮಾತ್ರ ಅಂಗೈಯಷ್ಟು ಸಮತಟ್ಟು.

ಬೆಂಗಳೂರಿನಲ್ಲಿ ಡಿಗ್ರಿ ಓದುವಾಗ ನಮ್ಮ ಹಾಸ್ಟೆಲ್ ಗೇಟಿಗೆ ಎಂಟು ಗಂಟೆಗೆ ಬೀಗ ಬೀಳುತ್ತಿತ್ತು. ಲೈಬ್ರರಿಯಲ್ಲಿ ಪುಸ್ತಕ ಅರ್ಧಕ್ಕೆ ಮುಚ್ಚಿ ಓಡಿಬರುತ್ತಿದ್ದೆವು. ಅದನ್ನೇ ಸುರಕ್ಷತೆ ಎಂದುಕೊಂಡು ನಾಲ್ಕು ವರ್ಷ ಕಳೆದೆ. ಗ್ರೆನೋಬ್ಲ್‌ಗೆ ಹೋದ ಮೊದಲ ಚಳಿಗಾಲದಲ್ಲಿ ಒಂದು ರಾತ್ರಿ, ಗೆಳತಿಯ ರೂಮಿನಲ್ಲಿ ಪ್ರಾಜೆಕ್ಟ್ ಮುಗಿಸಿ ಹೊರಟಾಗ ಹನ್ನೊಂದಾಗಿತ್ತು. ಎದೆ ಡವಗುಟ್ಟುತ್ತಿತ್ತು. ಸ್ಟಾಪಿನ ಬೋರ್ಡಿನಲ್ಲಿ 4 ನಿಮಿಷ ಎಂದಿತ್ತು. ಹೇಳಿದ ಹೊತ್ತಿಗೆ ಟ್ರಾಮು ಬಂತು. ಒಳಗೆ ಹೋಟೆಲ್ ಕೆಲಸ ಮುಗಿಸಿ ಹೊರಟಿದ್ದ ಇಬ್ಬರು, ಬೆನ್ನಿಗೆ ದೊಡ್ಡ ವಾದ್ಯದ ಪೆಟ್ಟಿಗೆ ಹೊತ್ತ ಹುಡುಗ, ನನ್ನಂಥ ನಾಲ್ಕೈದು ಹುಡುಗಿಯರು. ಮುಂದಿನ ಸ್ಟಾಪಿನಲ್ಲಿ ಗಾಲಿಕುರ್ಚಿಯಲ್ಲಿದ್ದ ಒಬ್ಬ ಹೆಂಗಸು ಯಾರ ಕೈಯನ್ನೂ ಕೇಳದೆ, ಪ್ಲಾಟ್‌ಫಾರ್ಮಿನಿಂದ ನೇರ ಒಳಗೆ ಬಂದು, ಬ್ರೇಕ್ ಹಾಕಿಕೊಂಡು, ಪುಸ್ತಕ ತೆಗೆದು ಓದತೊಡಗಿದರು. ನಾನು ಅವರನ್ನೇ ನೋಡುತ್ತಾ ಕೂತೆ.

ಆಮೇಲೆ ತಿಳಿಯಿತು. 1952ರಲ್ಲಿ ಹಳೆಯ ಟ್ರಾಮನ್ನು ಕಿತ್ತುಹಾಕಿದ್ದ ಈ ಊರು 1987ರಲ್ಲಿ ಮತ್ತೆ ಟ್ರಾಮು ತಂದಾಗ, ನಡೆಯಲಾಗದವರ ಸಂಘಟನೆಗಳು ಪಟ್ಟುಹಿಡಿದು ನೆಲಮಟ್ಟದ ಗಾಡಿಯನ್ನೇ ಮಾಡಿಸಿದ್ದವು. ಎರಡು ವರ್ಷ ಮೊದಲು ನಾಂತ್ ನಗರದಲ್ಲಿ ಶುರುವಾದ ಟ್ರಾಮಿಗೆ ಮೆಟ್ಟಿಲು ಹತ್ತಬೇಕಿತ್ತು. ಒಂದು ಗುಂಪು ತನಗಾಗಿ ಹೋರಾಡಿ ಪಡೆದದ್ದು ಎಷ್ಟೋ ವರ್ಷಗಳ ಮೇಲೆ ಹಾಸನದಿಂದ ಬಂದ ನನ್ನಂಥ ಹುಡುಗಿಗೂ, ತಳ್ಳುಗಾಡಿಯಲ್ಲಿ ಕೂಸು ಮಲಗಿಸಿಕೊಂಡ ತಾಯಿಗೂ, ಕೋಲೂರಿಕೊಂಡ ಅಜ್ಜನಿಗೂ ಒದಗುತ್ತಿದೆ. ಆ ರಾತ್ರಿಯಿಂದ ನನಗೆ ಸುರಕ್ಷತೆ ಎಂದರೆ ಬೀಗವಲ್ಲ, ಬೆಳಕಿರುವ ಸ್ಟಾಪು, ನಂಬಬಹುದಾದ ಗಾಡಿ, ಅದರ ತುಂಬ ಜನ.

ಇನ್ನೊಂದು ಅನುಕೂಲ ಸೈಕಲ್ಲಿನದು. ಆಗ ಮೆಟ್ರೋವೆಲೋ ಎನ್ನುತ್ತಿದ್ದ ಹಳದಿ ಸೈಕಲ್ಲುಗಳನ್ನು ತಿಂಗಳ, ವರ್ಷದ ಬಾಡಿಗೆಗೆ ಕೊಡುತ್ತಿದ್ದರು. ಹೈಸ್ಕೂಲಿನ ನಂತರ ಸೈಕಲ್ ಮುಟ್ಟಿರದ ನಾನು ಇಝೇರ್ ನದಿಯ ದಂಡೆಯ ದಾರಿ ಹಿಡಿದು, ಊರ ಪಕ್ಕದ ಸೇಂಟ್ ಮಾರ್ತಾಂ ದೇರ್‌ನ ಕ್ಯಾಂಪಸ್ಸಿಗೆ ಹೋಗಿಬರುವುದನ್ನು ರೂಢಿಸಿಕೊಂಡೆ. ಬೀಗ ಮರೆಯಬಾರದು, ಸೈಕಲ್ ಕಳ್ಳರಿದ್ದಾರೆ. ಚಳಿಗಾಲದಲ್ಲಿ ಬೆಟ್ಟಗಳ ನಡುವೆ ಹೊಗೆ ಕಟ್ಟಿಕೊಂಡು ಉಸಿರಿಗೆ ಕಷ್ಟವಾಗುವ ದಿನಗಳೂ ಇವೆ. ರಾತ್ರಿ ಒಬ್ಬರೇ ಹೋಗಬೇಡಿ ಎಂದು ಅಲ್ಲಿನವರೇ ಹೇಳುವ ಬೀದಿಗಳೂ ಇವೆ, ಅವನ್ನು ಕೇಳಿ ತಿಳಿದುಕೊಳ್ಳಬೇಕು.

ಮನೆ ಹುಡುಕುವಾಗ ಅತ್ತಿದ್ದೇನೆ. ಫ್ರಾನ್ಸಿನವರೇ ಜಾಮೀನು ನಿಲ್ಲಬೇಕು ಎಂದು ಮನೆ ಮಾಲೀಕರೊಬ್ಬರು ಕೊನೇ ಗಳಿಗೆಯಲ್ಲಿ ಕೈ ಎತ್ತಿದರು. ಆಗ ಕೈ ಹಿಡಿದದ್ದು ವಿಸಾಲ್. ವಿದ್ಯಾರ್ಥಿ ವೀಸಾ ಇದ್ದವರಿಗೆ ಹಣ ಕೇಳದೆ ಬಾಡಿಗೆಗೆ ಜಾಮೀನು ನಿಲ್ಲುವ ವ್ಯವಸ್ಥೆ ಅದು. ಹೊರಡುವ ಮುಂಚೆಯೇ ಅದರ ಅರ್ಜಿ ಹಾಕಿ. ಹೋದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ಊರ್ಜಿತ ಮಾಡಿಸುವುದನ್ನೂ ಮರೆಯಬೇಡಿ.

ಊಟದ ಬಗ್ಗೆ ಹೇಳಲೇಬೇಕು. ಯೂನಿವರ್ಸಿಟಿ ಕ್ಯಾಂಟೀನನ್ನು ಅಲ್ಲಿ ರೆಸ್ತೋ ಯೂ ಎನ್ನುತ್ತಾರೆ. ನಾನಿದ್ದಾಗ ಪೂರ್ತಿ ಊಟಕ್ಕೆ 3.30 ಯೂರೋ, ಸ್ಕಾಲರ್‌ಶಿಪ್ ಇದ್ದವರಿಗೆ 1 ಯೂರೋ. ಮಧ್ಯಾಹ್ನ ಹನ್ನೆರಡಾಯಿತೆಂದರೆ ಪ್ರೊಫೆಸರೂ ಲ್ಯಾಪ್‌ಟಾಪ್ ಮುಚ್ಚುತ್ತಾರೆ. ಲ್ಯಾಬಿನಲ್ಲಿ ನಿಂತುಕೊಂಡೇ ಡಬ್ಬಿ ಖಾಲಿ ಮಾಡುತ್ತಿದ್ದ ನನ್ನನ್ನು ಸಹಪಾಠಿಗಳು ಎಳೆದುಕೊಂಡು ಹೋಗಿ ಕೂರಿಸಿದರು. ನನ್ನ ಫ್ರೆಂಚ್ ನೆಟ್ಟಗಾದದ್ದು ಆ ಊಟದ ಮೇಜಿನಲ್ಲಿ.

ಭಾಷೆಯ ಮಾತು ಬಂತಲ್ಲ. ಇಂಗ್ಲಿಷಿನಲ್ಲಿ ಕೋರ್ಸು ಮುಗಿಯುತ್ತದೆ, ಬದುಕು ಸಾಗುವುದಿಲ್ಲ. ಬೇಕರಿಗೆ ಹೋಗಿ ಬೋಂಜೂರ್, ಅಂದರೆ ನಮಸ್ಕಾರ, ಅನ್ನದೆ ರೊಟ್ಟಿ ಕೇಳಿದರೆ ಅವರ ಮುಖ ಬಿಗಿಯುತ್ತದೆ. ನಮ್ಮಜ್ಜಿ ಮನೆಗೆ ಬಂದವರು ಊಟ ಆಯ್ತಾ, ಮಳೆ ಹೇಗೆ ಎನ್ನದೆ ಬಾಗಿಲಲ್ಲೇ ವಿಷಯ ಎತ್ತಿದರೆ ಅಜ್ಜಿಗೂ ಹಾಗೇ ಆಗುತ್ತಿತ್ತು. ಅಲ್ಲಿ ಬಸ್ಸಿಳಿಯುವಾಗ ಡ್ರೈವರಿಗೆ ಮೆರ್ಸಿ, ಅಂದರೆ ಥ್ಯಾಂಕ್ಸ್, ಎಂದು ಕೂಗಿ ಇಳಿಯುತ್ತಾರೆ. ನನಗೆ ತುಂಬ ಇಷ್ಟವಾದ ಪದ್ಧತಿ.

ಚಿಕ್ಕಪ್ಪಾ, ನೀವಿದನ್ನು ಓದುತ್ತೀರಿ ಅಂತ ಗೊತ್ತು. ಪ್ಯಾರಿಸ್‌ನಲ್ಲಿ ನಿಮಗೆ ಗೊತ್ತಿರುವವರು ಒಳ್ಳೆಯವರೇ ಇರಬಹುದು. ಆದರೆ ದಿನಾ ರಾತ್ರಿ ಅವಳನ್ನು ರೂಮು ಮುಟ್ಟಿಸುವುದು ಅವರಲ್ಲ. ಕಾಲೇಜಿನ ರ‍್ಯಾಂಕು ನೋಡಿದ ಹಾಗೆಯೇ ಕೊನೆಯ ಟ್ರಾಮಿನ ಹೊತ್ತನ್ನೂ ನೋಡಿ. ಗ್ರೆನೋಬ್ಲ್‌ನಲ್ಲಿ ಹನ್ನೆರಡು ದಾಟಿದ ಮೇಲೂ ಓಡುತ್ತದೆ. ಅವಳಿಗೊಂದು ಒಳ್ಳೇ ಜರ್ಕಿನ್ನು, ಒಂದು ಪುಟ್ಟ ಕುಕ್ಕರು ಕೊಡಿಸಿ. ಹೊರಡೋಕೆ ಇನ್ನೂ ಟೈಮಿದೆ, ಅಟ್ಟದ ಮೇಲಿರೋ ಸೈಕಲ್ ಇಳಿಸಿ ಟ್ಯೂಬು ಹಾಕಿಸಿಕೊಡಿ.