ಸೈಕಲ್ ನಂಬರ್ ಎಷ್ಟು ಸಾರ್?

ಸೈಕಲ್ ತುಳಿಯಿರಿ ಅಂತ ಡಾಕ್ಟರು ಹೇಳಿದರು. ಅವರು ಹೇಳಿದ್ದು ಶುಗರ್‌ಗೆ. ಊರು ನೋಡೋದನ್ನ ನಾನೇ ಸೇರಿಸಿಕೊಂಡೆ.

ಬೆಂಗಳೂರಲ್ಲಿ ಇಷ್ಟು ವರ್ಷ ಇದ್ದೂ ನಾನು ನೋಡಿರುವ ಬೆಂಗಳೂರು ಅಂದರೆ ಮುಂದೆ ನಿಂತ ಬಸ್ಸಿನ ಹಿಂಭಾಗ, ಅಷ್ಟೇ. ಅದಕ್ಕೇ ಅಟ್ಟದ ಮೇಲಿದ್ದ ಹಳೇ ಸೈಕಲ್ ಇಳಿಸಿ, ಎರಡೂ ಟ್ಯೂಬ್ ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟು, ಒಂದು ಶನಿವಾರ ಬೆಳಿಗ್ಗೆ ಹೊರಟೆ. ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: "ಇನ್ಶೂರೆನ್ಸ್ ಪೇಪರ್ ಯಾವ ಬೀರುವಲ್ಲಿದೆ, ಹೇಳಿ ಹೋಗಿ."

ನಾವಿರೋದು ಜಯನಗರ. ಅಂದರೆ ಸೈಕಲ್ ತುಳಿಯೋರ ಪಾಲಿನ ಕಾಶಿ. 2012-13ರ ಸುಮಾರಿಗೇ ನಮ್ಮಲ್ಲಿ ಸೈಕಲ್ ದಾರಿ ಬಂದಿತ್ತು. ನೆಲಕ್ಕೆ ಬಣ್ಣ, ಅದರ ಮೇಲೆ ಬಿಳಿ ಸೈಕಲ್ ಚಿತ್ರ, ಪಕ್ಕದಲ್ಲಿ ಬೋರ್ಡು. ಕಾರಿನವರಿಗೆ ಇದರಿಂದ ಎಷ್ಟು ಉಪಕಾರ ಆಯಿತು ಅಂತ ಹೇಳಿ ಮುಗಿಯಲ್ಲ. ಅಲ್ಲಿಯವರೆಗೆ ಪಾಪ ಎಲ್ಲೆಂದರಲ್ಲಿ ನಿಲ್ಲಿಸುತ್ತಿದ್ದರು. ಈಗ ಗೆರೆ ಎಳೆದು, ಬಣ್ಣ ಬಳಿದು, ಜಾಗ ಗುರುತು ಮಾಡಿ ಕೊಟ್ಟ ಹಾಗಾಯಿತು.

ಆ ದಿನ ಒಂದೇ ರಸ್ತೆಯಲ್ಲಿ ನಾನು ಸೈಕಲ್ ದಾರಿಯ ಮೇಲೆ ನೋಡಿದ್ದು: ಆರು ಕಾರು, ಅದರಲ್ಲಿ ಒಂದು ಹೊದಿಕೆ ಹೊದ್ದು ಮಲಗಿತ್ತು, ಮೇಲೆ ಬಿದ್ದ ಎಲೆ ನೋಡಿದರೆ ಹೋದ ದಸರಾಕ್ಕೆ ಮಲಗಿದ್ದು. ಒಂದು ಟ್ರಾನ್ಸ್‌ಫಾರ್ಮರ್. ಎಳನೀರಿನವರ ಬುರುಡೆ ರಾಶಿ. ಯಾರದೋ ಮನೆ ಕಟ್ಟೋಕೆ ತಂದ ಜಲ್ಲಿ. ಮತ್ತೆ ಗೃಹಪ್ರವೇಶದ ಶಾಮಿಯಾನ, ಅದರ ಕೆಳಗೆ ಭಟ್ಟರು ಒಗ್ಗರಣೆ ಹಾಕುತ್ತಿದ್ದರು. ಕೊನೇ ಕಾರಿನ ಮುಂದಿನ ಚಕ್ರ ಬಿಳಿ ಸೈಕಲ್ ಚಿತ್ರದ ಹಿಂದಿನ ಚಕ್ರದ ಮೇಲೆ ಸರಿಯಾಗಿ ಕೂತಿತ್ತು. ಅಳತೆ ಮಾಡಿ ನಿಲ್ಲಿಸಿದರೂ ಅಷ್ಟು ಚೆನ್ನಾಗಿ ಕೂರಲ್ಲ.

ಆ ಕಾರಿನ ಯಜಮಾನರು ಅಲ್ಲೇ ಇದ್ದರು. ಮೆಲ್ಲಗೆ ಹೇಳಿದೆ, "ಸಾರ್, ಇದು ಸೈಕಲ್ ಹೋಗೋ ದಾರಿ."

"ಗೊತ್ತು ಸಾರ್. ನಾನೂ ಸೈಕ್ಲಿಸ್ಟೇ," ಅಂದರು.

ಸುಳ್ಳಲ್ಲ. ಕಾರಿನ ನೆತ್ತಿ ಮೇಲೆ ಸ್ಟ್ಯಾಂಡ್ ಹಾಕಿ ಒಂದು ಸೈಕಲ್ ಕಟ್ಟಿದ್ದರು, ನಮ್ಮಂಥವರ ಸ್ಕೂಟರಿಗಿಂತ ಜಾಸ್ತಿ ಬೆಲೆ ಇದ್ದ ಹಾಗಿತ್ತು. ವಾರಕ್ಕೊಮ್ಮೆ ಅದನ್ನ ಕಾರಿನಲ್ಲಿ ನಂದಿ ಬೆಟ್ಟದ ಬುಡದವರೆಗೆ ಕರೆದುಕೊಂಡು ಹೋಗಿ, ತುಳಿದು, ಮತ್ತೆ ಕಾರಿಗೇರಿಸಿ ವಾಪಸ್ ತರುತ್ತಾರಂತೆ. ಅಂದರೆ ಸೈಕಲ್ ಕಾರಿನ ಮೇಲೆ, ಕಾರು ಸೈಕಲ್ ದಾರಿ ಮೇಲೆ. ಲೆಕ್ಕಕ್ಕೆ ಸೈಕಲ್ ಇರಬೇಕಾದ ದಾರಿಯಲ್ಲೇ ಇದೆ ಅಲ್ವಾ? ನಾನೇ ಸುಮ್ನೆ ತಕರಾರು ತೆಗೆದ ಹಾಗಾಯಿತು.

ಹೊರವರ್ತುಲ ರಸ್ತೆಯದ್ದು ಇನ್ನೊಂದು ಕತೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಸಿಲ್ಕ್ ಬೋರ್ಡ್ ಕಡೆಯಿಂದ ಕೆ.ಆರ್. ಪುರದ ಕಡೆಗೆ ಸೈಕಲ್ ದಾರಿ ಮಾಡಲು ಹೊರಟರು. ಗಿಡ್ಡ ಕಂಬ ನೆಟ್ಟು, ಗೆರೆ ಎಳೆದು, ನಿಜಕ್ಕೂ ಚೆಂದ ಇತ್ತು. ಆ ರಸ್ತೆ ಪಕ್ಕದ ಕಂಪನಿಗಳ ಜನ ಆಗೆಲ್ಲಿದ್ದರು? ಮನೆಯಲ್ಲಿ, ಮೇಲೆ ಶರ್ಟು ಕೆಳಗೆ ಚಡ್ಡಿ ಹಾಕಿಕೊಂಡು ಮೀಟಿಂಗ್ ಮಾಡುತ್ತಿದ್ದರು. ಅವರು ಪ್ಯಾಂಟ್ ಹಾಕಿ ವಾಪಸ್ ಬರುವಷ್ಟರಲ್ಲಿ ಕಂಬಗಳು ಒಂದೊಂದಾಗಿ ಅಡ್ಡಬಿದ್ದವು, ಮೆಟ್ರೊ ಕೆಲಸ ಬಂತು, ದಾರಿ ಹೋಯಿತು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದನ್ನ ಕಾಂಕ್ರೀಟಲ್ಲಿ ಹಾಕಿ ತೋರಿಸಿದರು.

ಹಳ್ಳಿ ಕಡೆ ಇದರ ಉಲ್ಟಾ. 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ದಾರಿ ಕೊಡಲಿಲ್ಲ, ಮಕ್ಕಳೂ ಕೇಳಲಿಲ್ಲ, ಕೆಸರಲ್ಲಿ ತುಳಿದುಕೊಂಡು ಸ್ಕೂಲಿಗೆ ಹೋದರು. ಅಲ್ಲಿ ಸೈಕಲ್ ಇದೆ ದಾರಿ ಇಲ್ಲ, ಇಲ್ಲಿ ದಾರಿ ಇದೆ ಸೈಕಲ್ ಇಲ್ಲ. ಎರಡನ್ನೂ ಒಂದೇ ಕಡೆ ಕೊಟ್ಟರೆ ಜನ ಎಲ್ಲಿ ಅಭ್ಯಾಸ ಮಾಡಿಕೊಂಡುಬಿಡುತ್ತಾರೋ ಅನ್ನೋ ಭಯ ಇರಬೇಕು.

ಇರಲಿ. ನಾನು ಸೈಕಲ್ ದಾರಿಯ ಆಸೆ ಬಿಟ್ಟು, ಎಲ್ಲರ ಹಾಗೆ ರಸ್ತೆ ಮಧ್ಯಕ್ಕೆ ಬಂದು, ಸೌತ್ ಎಂಡ್ ಸರ್ಕಲ್ ದಾಟಿ ಗಾಂಧಿ ಬಜಾರ್ ಕಡೆ ತಿರುಗಿದೆ. ಒಂದು ಮಾತು ಒಪ್ಪಿಕೊಳ್ಳಬೇಕು, ಸೈಕಲ್‌ನಿಂದ ಊರು ಕಾಣುತ್ತದೆ. ಕಾಣುವುದಕ್ಕಿಂತ ಮೊದಲು ಮೂಗಿಗೆ ಬರುತ್ತದೆ. ಗಾಂಧಿ ಬಜಾರಿನಲ್ಲಿ ಹೂವು, ತುಪ್ಪದ ದೋಸೆ. ಚಾಮರಾಜಪೇಟೆ ಇಳಿದು ಮಾರ್ಕೆಟ್ ಹತ್ತಿರ ಬಂದರೆ ಕೊಳೆತ ಕೊತ್ತಂಬರಿ. ತರಗುಪೇಟೆಯಲ್ಲಿ ಮೆಣಸಿನಕಾಯಿ ಮೂಟೆ ಇಳಿಸುವಾಗ ಎದುರಿಗೆ ಸಿಕ್ಕಿ, ಬೆಲ್ ಹೊಡೆಯಬೇಕಾದ ಕಡೆ ಬರೀ ಸೀನುತ್ತಾ ದಾಟಿದೆ. ಬೆಲ್ಲಿಗಿಂತ ಸೀನಿಗೇ ಜನ ಬೇಗ ದಾರಿ ಬಿಟ್ಟರು.

ಇನ್ನು ಕಾಲಿಗೆ ಮಾತ್ರ ಗೊತ್ತಾಗುವ ಒಂದು ಬೆಂಗಳೂರಿದೆ. ಮೈಸೂರು ಬ್ಯಾಂಕ್ ಸರ್ಕಲ್‌ನಿಂದ ಮೆಜೆಸ್ಟಿಕ್ ಕಡೆಗೆ ಪೆಡಲ್ ತುಳಿಯೋದು ಬಿಟ್ಟು ಸುಮ್ನೆ ಕೂತರೂ ಸೈಕಲ್ ತಾನೇ ಓಡುತ್ತದೆ. ಯಾಕೆ ಅಂದರೆ ಕೆಳಗಿದ್ದದ್ದು ಧರ್ಮಾಂಬುಧಿ ಕೆರೆ. ಮಳೆ ನೀರಿಗೆ ಗೊತ್ತಿದ್ದ ದಾರಿ ಅದು, ಈಗಲೂ ಜೋರು ಮಳೆ ಬಂದರೆ ನೀರು ಹಳೇ ಅಡ್ರೆಸ್ ಹುಡುಕಿಕೊಂಡು ಬರುತ್ತದೆ. ನಮ್ಮೂರಲ್ಲಿ ಕೆರೆಗಳು ಬತ್ತಲಿಲ್ಲ, ಅವಕ್ಕೆ ಬಡ್ತಿ ಸಿಕ್ಕಿತು. ಧರ್ಮಾಂಬುಧಿ ಬಸ್ ಸ್ಟ್ಯಾಂಡ್ ಆಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣ ಆಯಿತು, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಕಾರಿನಲ್ಲಿ ಕೂತವರಿಗೆ ಇದು ತಿಳಿಯಲ್ಲ, ಅವರ ಪರವಾಗಿ ಇಂಜಿನ್ ಏದುಸಿರು ಬಿಡುತ್ತದೆ. ಸೈಕಲ್‌ನವನಿಗೆ ಪ್ರತಿ ಇಳಿಜಾರೂ ಒಂದು ಕೆರೆ, ಪ್ರತಿ ಏರೂ ಅದರ ಬಡ್ಡಿ.

ಅಷ್ಟು ಹೊತ್ತಿಗೆ ದಾರಿಯಲ್ಲಿ ಬೇರೆ ಸೈಕಲ್‌ಗಳೂ ಸಿಕ್ಕಿದ್ದವು. ಪೇಪರ್ ಹಾಕೋ ಹುಡುಗ, ಕ್ಯಾರಿಯರ್‌ಗೆ ಟೀ ಕ್ಯಾನ್ ಕಟ್ಟಿದವರು, ಎರಡೂ ಕಡೆ ಸೊಪ್ಪಿನ ಕಂತೆ ನೇತು ಹಾಕಿಕೊಂಡು ಹೋಗುತ್ತಿದ್ದ ಅಜ್ಜ, ನೈಟ್ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲೇ ಹ್ಯಾಂಡಲ್ ಹಿಡಿದ ಸೆಕ್ಯೂರಿಟಿಯವರು. ಇವರು ದಿನಾ ತುಳಿಯುತ್ತಾರೆ, ಮಳೆ ಬಂದರೂ ತುಳಿಯುತ್ತಾರೆ. ಆದರೆ ಇವರನ್ನ ಯಾರೂ ಸೈಕ್ಲಿಸ್ಟ್ ಅನ್ನಲ್ಲ. ಸೈಕ್ಲಿಸ್ಟ್ ಅನ್ನಿಸಿಕೊಳ್ಳಬೇಕಾದರೆ ಹೆಲ್ಮೆಟ್ ಬೇಕು, ಮೈಗಂಟುವ ಚಡ್ಡಿ ಬೇಕು, ಎಷ್ಟು ಕಿಲೋಮೀಟರ್ ಆಯಿತು ಅಂತ ಊರಿಗೆಲ್ಲ ಹೇಳೋ ಆ್ಯಪ್ ಬೇಕು, ಮುಖ್ಯವಾಗಿ ಮನೆಯಲ್ಲಿ ಕಾರಿರಬೇಕು. ಸೊಪ್ಪಿನ ಅಜ್ಜನ ಹತ್ತಿರ ಕಾರಿಲ್ಲ. ಹಾಗಾಗಿ ಅವರು ಪರಿಸರ ಉಳಿಸುತ್ತಿಲ್ಲ, ಬರೀ ಸೊಪ್ಪು ಮಾರುತ್ತಿದ್ದಾರೆ.

ಪರಿಸರ ಉಳಿಸೋರನ್ನ ನೋಡಬೇಕಾದರೆ ಸೈಕಲ್ ಜಾಥಾ ದಿನ ಹೋಗಬೇಕು. ಒಂದು ಸಲ ನೋಡಿದ್ದೇನೆ. ಗಣ್ಯರು ಬಿಳಿ ಟೋಪಿ ಹಾಕಿಕೊಂಡು ಸೈಕಲ್ ಹತ್ತಿದರು. ಹಿಡಿಯೋಕೆ ನಾಲ್ಕು ಜನ, ಫೋಟೋಗೆ ನಲವತ್ತು ಜನ, ಮುಂದೊಂದು ಜೀಪು, ಹಿಂದೆ ಒಂಬತ್ತು ಕಾರು. ಇನ್ನೂರು ಮೀಟರ್ ಆದಮೇಲೆ ಇಳಿದು, ಎಲ್ಲರೂ ಸೈಕಲ್ ಬಳಸಿ ಅಂತ ಮೈಕಲ್ಲಿ ಹೇಳಿ, ಕಾರು ಹತ್ತಿ ಹೋದರು. ಆ ಸೈಕಲ್‌ಗಳನ್ನ ಮಿನಿ ಲಾರಿಗೆ ತುಂಬಿಸುತ್ತಿದ್ದ ಹುಡುಗನನ್ನ ಕೇಳಿದೆ, ನೀನು ಹೇಗಪ್ಪಾ ಬಂದೆ ಅಂತ. ಸೈಕಲ್‌ನಲ್ಲೇ ಬಂದೆ ಸಾರ್, ಆದ್ರೆ ಅದನ್ನ ಇಲ್ಲಿ ಬಿಡಲಿಲ್ಲ, ರಸ್ತೆ ಬಂದ್ ಮಾಡಿದ್ರಲ್ಲ, ಆ ಕಡೆ ಬೀದೀಲಿ ನಿಲ್ಸಿದೀನಿ ಅಂದ.

ಶನಿವಾರದ ಸವಾರಿಗೆ ವಾಪಸ್ ಬರುತ್ತೇನೆ. ಕೊನೆಗೆ ಮಲ್ಲೇಶ್ವರದ ಕಡೆ ಒಬ್ಬ ಗೆಳೆಯನ ಅಪಾರ್ಟ್‌ಮೆಂಟಿಗೆ ಹೋದೆ. ಬೆವರು ಸುರಿಯುತ್ತಿತ್ತು, ಕಾಫಿ ಸಿಗಲಿ ಅಂತ. ಗೇಟಿನಲ್ಲಿ ಸೆಕ್ಯೂರಿಟಿಯವರು ದೊಡ್ಡ ಪುಸ್ತಕ ತೆಗೆದರು. ಹೆಸರು, ಫೋನ್, ಫ್ಲ್ಯಾಟ್ ನಂಬರ್ ಎಲ್ಲ ಆಯಿತು.

"ವೆಹಿಕಲ್ ನಂಬರ್ ಸಾರ್?"

"ಸೈಕಲ್ ಕಣಪ್ಪಾ."

"ಅದೇ, ಸೈಕಲ್ ನಂಬರ್ ಎಷ್ಟು ಸಾರ್?"

ನನಗೆ ನಮ್ಮಪ್ಪನ ಸೈಕಲ್ ನೆನಪಾಯಿತು. ಅದಕ್ಕೆ ಮುನಿಸಿಪಾಲಿಟಿ ಬಿಲ್ಲೆ ಇತ್ತು. ರಾತ್ರಿ ದೀಪ ಇಲ್ಲದೆ ಹೋದರೆ, ಹಿಂದೆ ಒಬ್ಬರನ್ನ ಕೂರಿಸಿಕೊಂಡರೆ ಪೊಲೀಸರು ಹಿಡಿದು ಗಾಳಿ ಬಿಡುತ್ತಿದ್ದರು. ಆಗ ಬೈದುಕೊಳ್ಳುತ್ತಿದ್ದೆವು. ಈಗ ಅನ್ನಿಸುತ್ತದೆ, ಗಾಳಿ ಬಿಡೋ ಮಟ್ಟಿಗಾದರೂ ಅದನ್ನ ವಾಹನ ಅಂತ ಒಪ್ಪಿಕೊಂಡಿದ್ದರಲ್ಲ.

ನಂಬರ್ ಇಲ್ಲ ಅಂದೆ. ನಂಬರ್ ಇಲ್ಲದ ಗಾಡಿ ಒಳಗೆ ಬಿಡೋ ಹಾಗಿಲ್ಲ ಅಂದರು. ಅವರ ತಪ್ಪಲ್ಲ, ಅಸೋಸಿಯೇಷನ್ ರೂಲ್ಸು. ಅವರದ್ದೇ ಸೈಕಲ್ ಸಂಪಿನ ಹಿಂದೆ, ಗೋಣಿಚೀಲ ಹೊದ್ದು ನಿಂತಿತ್ತು, ಮುಂದೆ ನಿಲ್ಲಿಸಿದರೆ ಕಟ್ಟಡದ ಲುಕ್ಕು ಹಾಳಾಗುತ್ತದಂತೆ. ಸ್ವಲ್ಪ ಹೊತ್ತು ಇಬ್ಬರೂ ಯೋಚಿಸಿದೆವು. ಆಮೇಲೆ ಅವರೇ ಉಪಾಯ ಮಾಡಿ, ವೆಹಿಕಲ್ ಅನ್ನೋ ಕಡೆ "ನಡೆದು ಬಂದವರು" ಅಂತ ಬರೆದು, "ನಂದರ ಪಕ್ಕ ನಿಲ್ಸಿ ಸಾರ್, ಯಾರೂ ನೋಡಲ್ಲ" ಅಂದರು.

ಕಾಫಿ ಕುಡಿದು, ಎರಡನೇ ಕಾಫಿಯನ್ನೂ ಕುಡಿದು ಕೆಳಗೆ ಬಂದಾಗ ಶಿಫ್ಟ್ ಬದಲಾಗಿತ್ತು. ಹೊಸಬರು ಪುಸ್ತಕ ನೋಡಿದರು, ನನ್ನ ನೋಡಿದರು, ಸೈಕಲ್ ನೋಡಿದರು.

"ನಡ್ಕೊಂಡು ಬಂದಿದೀರಾ ಅಂತ ಇದೆ. ಸೈಕಲ್ ಯಾರ್ದು?"

ಗೆಳೆಯ ಲಿಫ್ಟ್ ಇಳಿದು ಬರಬೇಕಾಯಿತು, ಲುಂಗಿಯಲ್ಲೇ. ಇವರು ನಂಗೆ ಗೊತ್ತಿರೋರು, ಕಳ್ಳ ಅಲ್ಲ ಅಂತ ಹೇಳಿದ. ಆದರೂ ಸುಮ್ನೆ ಬಿಡೋ ಹಾಗಿರಲಿಲ್ಲ, ಮನೆ ಖಾಲಿ ಮಾಡುವವರು ಸಾಮಾನು ಸಾಗಿಸುವಾಗ ತುಂಬುವ ಗೇಟ್ ಪಾಸ್ ತುಂಬಬೇಕಂತೆ. ಫ್ರಿಜ್ಜು, ವಾಷಿಂಗ್ ಮೆಷಿನ್, ಮಂಚ, ಸೋಫಾ ಅಂತ ಉದ್ದಕ್ಕೆ ಪಟ್ಟಿ ಇತ್ತು. ಸೈಕಲ್ ಇರಲಿಲ್ಲ. ಗೆಳೆಯ ಕೊನೇ ಸಾಲಿನಲ್ಲಿ "ಹಳೇ ಕಬ್ಬಿಣ, 1" ಅಂತ ಬರೆದು ಸಹಿ ಹಾಕಿದ. ಗೇಟ್ ತೆಗೆದರು.